ಸೊಳ್ಳೆ ಕಾಟಕ್ಕೆ ಸೊಳ್ಳೆಯೇ ಮದ್ದು!

ಪ್ರಶ್ನೆ: ಅಮೆರಿಕದ ಹವಾಯಿಯಲ್ಲಿ ಹಕ್ಕಿ ಉಳಿಸೋಕೆ ಹೆಲಿಕಾಪ್ಟರಿನಿಂದ ಸೊಳ್ಳೆ ಸುರಿಯುತ್ತಾರಂತೆ. ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ. ಇರೋ ಸೊಳ್ಳೆ ಸಾಲದೇ? ಇದು ನಿಜವಾ ಮೇಷ್ಟ್ರೇ?
— ಒಬ್ಬ ಅಜ್ಜಿ, ಸಾಗರ

ಉತ್ತರ: ನಿಜ ಕಣಮ್ಮ. ಆದರೆ ಸುರಿಯುವುದೆಲ್ಲ ಗಂಡು ಸೊಳ್ಳೆ. ಅದು ಕಚ್ಚುವುದಿಲ್ಲ, ಹೂವಿನ ರಸ ಕುಡಿದು ಬದುಕುತ್ತದೆ.

ಹವಾಯಿಯಲ್ಲಿ ಮೊದಲು ಸೊಳ್ಳೆಯೇ ಇರಲಿಲ್ಲ. 1826ರ ಹೊತ್ತಿಗೆ ಹಡಗಿನ ಜೊತೆ ಬಂದಿಳಿಯಿತು. ಬಂದದ್ದು ಯಾವುದು ಗೊತ್ತಾ? ರಾತ್ರಿ ನಮ್ಮ ಕಿವಿ ಹತ್ತಿರ ಗುಂಯ್ ಅನ್ನುವ ಅದೇ ಕ್ಯುಲೆಕ್ಸ್. ನಮ್ಮಲ್ಲಿ ಆನೆಕಾಲು ರೋಗ ಹರಡುವುದೂ ಇದೇ. ಪಾಠ ಮಾಡುತ್ತಿದ್ದ ಕಾಲದಲ್ಲಿ ಬಚ್ಚಲ ಹಿಂದಿನ ಕೊಚ್ಚೆ ನೀರನ್ನು ಬಾಟಲಿಗೆ ತುಂಬಿ ತರಗತಿಗೆ ಒಯ್ಯುತ್ತಿದ್ದೆ. ಸೊಳ್ಳೆಮರಿಗಳು ತಲೆಕೆಳಗಾಗಿ, ಓರೆಯಾಗಿ ನೇತಾಡುತ್ತಾ ಬಾಲದ ಕೊಳವೆಯಲ್ಲಿ ಉಸಿರಾಡುತ್ತಿದ್ದವು. ಬಾಟಲಿ ತಟ್ಟಿದರೆ ಸರಕ್ಕನೆ ತಳಕ್ಕೆ! ಹುಡುಗರಿಗೆ ಖುಷಿ, ಹೆಡ್ ಮಾಸ್ಟರಿಗೆ ಸಿಟ್ಟು.

ಅಲ್ಲಿ ಇದು ಹಕ್ಕಿಗಳಿಗೆ ಮಲೇರಿಯಾ ಅಂಟಿಸುತ್ತದೆ. (ಮನುಷ್ಯರ ಮಲೇರಿಯಾ ಬೇರೆ.) ಮಾವಿ ದ್ವೀಪದ ಕಿವಿಕಿಯು ಹಕ್ಕಿಯನ್ನೇ ನೋಡಿ. ಗುಬ್ಬಿಯಷ್ಟು ಗಾತ್ರ, ಹಳದಿ ಹೊಟ್ಟೆ, ಗಿಳಿಯಂಥ ಕೊಕ್ಕು. ಕಡ್ಡಿ ಸೀಳಿ ಒಳಗಿನ ಹುಳ ಎಳೆದು ತಿನ್ನುತ್ತದೆ. ಸಲಕ್ಕೆ ಒಂದೇ ಮೊಟ್ಟೆ. ಈಗ ಉಳಿದಿರುವುದು 200ಕ್ಕೂ ಕಡಿಮೆ ಅಂತ ಅಂದಾಜು. ಹಾಲೆಯಾಕಲಾ ಬೆಟ್ಟದ ಮೇಲಿನ ಚಳಿಗೆ ಸೊಳ್ಳೆ ಹತ್ತುತ್ತಿರಲಿಲ್ಲ, ಅದಕ್ಕೇ ಇಷ್ಟಾದರೂ ಉಳಿದವು. ಈಗ ಸೆಕೆ ಜಾಸ್ತಿಯಾಗಿ ಸೊಳ್ಳೆಯೂ ಮೇಲೇರುತ್ತಿದೆ. ಸಾಲದ್ದಕ್ಕೆ ಕಾಡುಹಂದಿಗಳ ಹಾವಳಿ. ಮರದೆತ್ತರದ ಜರಿಗಿಡಗಳ ಕಾಂಡ ಕೊರೆದು ತಿಂದು ಹೋಗುತ್ತವೆ, ಆ ಗುಳಿಯಲ್ಲಿ ಮಳೆನೀರು ನಿಂತು ಸೊಳ್ಳೆ ಮೊಟ್ಟೆ ಇಡುತ್ತದೆ. ಹಂದಿ ತಡೆಯಲು ಬೇಲಿ ಹಾಕಿದ್ದೂ ಇದೆ.

2019ರಲ್ಲಿ 14 ಕಿವಿಕಿಯುಗಳನ್ನು ಬೆಟ್ಟದ ಇನ್ನೊಂದು ಮಗ್ಗುಲಿನ ನಾಕುಲಾ ಕಾಡಿಗೆ ಒಯ್ದು ಬಿಟ್ಟರು. ಕೆಲವೇ ವಾರಗಳಲ್ಲಿ ಮಲೇರಿಯಾ ಬಡಿದು ಒಂದೊಂದೇ ಸಾಯತೊಡಗಿದವು. ಸೊಳ್ಳೆ ಕಡಿಮೆಯಾಗದೆ ಹಕ್ಕಿ ಬಿಟ್ಟು ಪ್ರಯೋಜನವಿಲ್ಲ ಅನ್ನುವುದು ಆಗ ಖಾತ್ರಿಯಾಯಿತು.

ಹೆಲಿಕಾಪ್ಟರಿನ ಗಂಡು ಸೊಳ್ಳೆಗಳ ಮೈಯಲ್ಲಿ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾದ ಬೇರೊಂದು ತಳಿ ಇರುತ್ತದೆ. ಇವುಗಳ ಜೊತೆ ಕೂಡಿದ ಕಾಡಿನ ಹೆಣ್ಣು ಮೊಟ್ಟೆ ಇಡುತ್ತದೆ, ಮರಿ ಹೊರಬರುವುದಿಲ್ಲ. 2023ರ ಕೊನೆಯಿಂದ ಮಾವಿಯಲ್ಲಿ ಬಿಡುತ್ತಿದ್ದಾರೆ. ಒಂದು ಸಲಕ್ಕೆ ಮುಗಿಯುವ ಕೆಲಸ ಅಲ್ಲ, ಬಿಡುತ್ತಲೇ ಇರಬೇಕು. ನನಗಂತೂ ವಿಷ ಹೊಡೆಯುವುದಕ್ಕಿಂತ ಇದೇ ವಾಸಿ ಅನ್ನಿಸುತ್ತದೆ.

ಅಂದಹಾಗೆ, ಆ 14ರಲ್ಲಿ ಒಂದು ಗಂಡು ಹಕ್ಕಿ 2021ರಲ್ಲಿ ಅದೇ ನಾಕುಲಾದಲ್ಲಿ ಜೀವಂತ ಕಂಡಿತು. ಮೊಮ್ಮಗನಿಗೆ ಹೇಳಿ ಕಿವಿಕಿಯುವಿನ ಫೋಟೋ ಹುಡುಕಿಸಿ. ಆ ಕೊಕ್ಕು ನೋಡಬೇಕು ನೀವು.