ಬೆಳೆಸಾಲ ಮನ್ನಾ ಆಗುತ್ತದೆ, ಕಾರ್ಡ್ ಸಾಲ ಯಾಕೆ ಆಗುವುದಿಲ್ಲ?

ಪ್ರಶ್ನೆ: ನಮ್ಮ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದರು. ಎಂಟು ತಿಂಗಳ ಹಿಂದೆ ಕೆಲಸ ಹೋಯಿತು. ನಾನು ಖಾಸಗಿ ಶಾಲೆಯಲ್ಲಿ ಟೀಚರ್, ಸಂಬಳ 19 ಸಾವಿರ. ಬಾಡಿಗೆ, ಮಗನ ಫೀಸು, ಅತ್ತೆಯ ಔಷಧಿ ಎಂದು ಅವರ ಹೆಸರಿನ ಎರಡು ಕ್ರೆಡಿಟ್ ಕಾರ್ಡ್ ಉಜ್ಜಿ ಉಜ್ಜಿ ಈಗ 1,80,000 ರೂಪಾಯಿ ಬಾಕಿ ಇದೆ. ಇಷ್ಟು ದಿನ ಮಿನಿಮಮ್ ಕಟ್ಟುತ್ತಿದ್ದೆವು, ಎರಡು ತಿಂಗಳಿಂದ ಅದೂ ಆಗಿಲ್ಲ. ವಸೂಲಿಯವರು ಶಾಲೆಗೂ ಫೋನ್ ಮಾಡುತ್ತಾರೆ, ಪೊಲೀಸರನ್ನು ಕಳಿಸುತ್ತೇವೆ ಎನ್ನುತ್ತಾರೆ. ಊರಲ್ಲಿ ನಮ್ಮ ಭಾವನವರ ಬೆಳೆಸಾಲ ಮನ್ನಾ ಆಗಿತ್ತು. ಮೊನ್ನೆ ಒಬ್ಬರು ಫೋನ್ ಮಾಡಿ, ಕಾರ್ಡ್ ಸಾಲ ಮನ್ನಾಕ್ಕೂ ಪ್ರಧಾನಮಂತ್ರಿ ಯೋಜನೆ ಬಂದಿದೆ, ಫೈಲ್ ಚಾರ್ಜ್ 4,999 ಕಟ್ಟಿದರೆ ಹೆಸರು ಸೇರಿಸುತ್ತೇವೆ ಎಂದರು. ಕಟ್ಟಬಹುದೇ? ಯಜಮಾನರು ರಾತ್ರಿ ನಿದ್ದೆ ಮಾಡುವುದಿಲ್ಲ, ಮಾತು ಬಿಟ್ಟಿದ್ದಾರೆ.
— ಹೆಸರು ಬೇಡ, ಬೆಂಗಳೂರು

ಉತ್ತರ: ಕಟ್ಟಬೇಡಿ. ಕ್ರೆಡಿಟ್ ಕಾರ್ಡ್ ಬಾಕಿಯನ್ನು ಮನ್ನಾ ಮಾಡುವ ಯೋಜನೆ ಕೇಂದ್ರ ಸರ್ಕಾರದಲ್ಲೂ ಇಲ್ಲ, ರಾಜ್ಯ ಸರ್ಕಾರದಲ್ಲೂ ಇಲ್ಲ. ಆ ವ್ಯಕ್ತಿಗೆ ಈಗಾಗಲೇ ದುಡ್ಡು ಕಳಿಸಿದ್ದರೆ ಅಥವಾ ಆಧಾರ್, ಕಾರ್ಡ್ ನಂಬರು, ಒಟಿಪಿ ಹೇಳಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಸಾಲದಲ್ಲಿ ಮುಳುಗಿದವರನ್ನೇ ಹುಡುಕಿ ಐದು ಸಾವಿರ ಕೀಳುವ ಈ ಜನರ ಬಗ್ಗೆ ನನಗಿರುವ ಸಿಟ್ಟು ಅಷ್ಟಿಷ್ಟಲ್ಲ.

ನಿಮ್ಮ ಭಾವನವರ ವಿಷಯ. 2018ರಲ್ಲಿ ಕರ್ನಾಟಕ ಸರ್ಕಾರ ಮನ್ನಾ ಮಾಡಿದ್ದು ಬೆಳೆಸಾಲವನ್ನು. ಆ ಹಣವನ್ನು ಬ್ಯಾಂಕುಗಳಿಗೆ, ಸಹಕಾರ ಸಂಘಗಳಿಗೆ ತುಂಬಿಕೊಟ್ಟದ್ದು ಸರ್ಕಾರದ ಬೊಕ್ಕಸ. ಹಳ್ಳಿಗಳಲ್ಲಿ ಆ ಸಾಲವನ್ನು ಕಿಸಾನ್ ಕ್ರೆಡಿಟ್ ಕಾರ್ಡ್ ಮೂಲಕ ಕೊಡುವುದರಿಂದ ‘ಕಾರ್ಡ್ ಸಾಲ’ ಎಂಬ ಮಾತು ಎರಡಕ್ಕೂ ಅಂಟಿಕೊಂಡು ಗೊಂದಲವಾಗುತ್ತದೆ. 1998ರಲ್ಲಿ ಶುರುವಾದ ಕಿಸಾನ್ ಕಾರ್ಡ್‌ನಲ್ಲಿ ಬಡ್ಡಿಗೆ ಸರ್ಕಾರದ ಸಹಾಯಧನ ಇರುತ್ತದೆ; 3 ಲಕ್ಷದವರೆಗಿನ ಬೆಳೆಸಾಲಕ್ಕೆ ವರ್ಷಕ್ಕೆ ಶೇ 7, ಸಕಾಲದಲ್ಲಿ ಕಟ್ಟಿದವರಿಗೆ ಶೇ 4. ನಿಮ್ಮ ಯಜಮಾನರ ಕಾರ್ಡ್‌ನಲ್ಲಿ ಅಷ್ಟು ಬಡ್ಡಿ ಒಂದೆರಡು ತಿಂಗಳಿಗೇ ಬೀಳುತ್ತದೆ. ಹೆಸರಿನಲ್ಲಿ ಕಾರ್ಡ್ ಇದೆ ಎನ್ನುವುದೊಂದು ಬಿಟ್ಟರೆ ಇವೆರಡಕ್ಕೂ ಸಂಬಂಧವಿಲ್ಲ.

ಮಿನಿಮಮ್ ಕಟ್ಟುತ್ತಿದ್ದರೂ ಸಾಲ ಯಾಕೆ ಕರಗಲಿಲ್ಲ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ತಿಂಗಳಿಗೆ ಶೇ 3.5 ಬಡ್ಡಿ ಎಂದಿಟ್ಟುಕೊಳ್ಳಿ. 1,80,000ಕ್ಕೆ ಬಡ್ಡಿ 6,300. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಅಂದರೆ 1,134. ಒಟ್ಟು 7,434. ಮಿನಿಮಮ್ ಶೇ 5 ಅಂದರೆ 9,000. ಅದನ್ನು ಕಷ್ಟಪಟ್ಟು ಹೊಂದಿಸಿ ಕಟ್ಟಿದ ತಿಂಗಳೂ ಅಸಲಿಗೆ ಹೋಗಿದ್ದು 1,566 ರೂಪಾಯಿ ಮಾತ್ರ. ಅದೇ ತಿಂಗಳು ಮತ್ತೆ ಎರಡು ಸಾವಿರಕ್ಕೆ ಕಾರ್ಡ್ ಉಜ್ಜಿದರೆ ಸಾಲ ಏರಿತು. ಮಿನಿಮಮ್ ಮಾತ್ರ ಕಟ್ಟುತ್ತಾ ಹೋದರೆ ಸಾಲ ತೀರಲು ವರ್ಷಗಳೇ ಹಿಡಿಯಬಹುದು ಎಂಬ ಎಚ್ಚರಿಕೆಯನ್ನು ಬಿಲ್‌ನಲ್ಲೇ ಮುದ್ರಿಸಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಮುದ್ರಿಸಿಯೂ ಇರುತ್ತಾರೆ, ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ. ಬಡ್ಡಿಗೆ ಮಿತಿ ಹಾಕುವ ಪ್ರಯತ್ನವೂ ನಡೆದಿತ್ತು. ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ಸುಲಿಗೆ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದು ಮಾಡಿತು. ನನ್ನ ಪ್ರಕಾರ ಜನಸಾಮಾನ್ಯರಿಗೆ ಇದರಿಂದ ನಷ್ಟವೇ ಆಯಿತು.

ಹಾಗಾದರೆ ಸರ್ಕಾರದಿಂದ ಏನೂ ಇಲ್ಲವೇ? ಹಣ ಇಲ್ಲ, ಆದರೆ ಕಾನೂನಿನ ರಕ್ಷಣೆ ಇದೆ. ನಿಮಗೆ ಈಗ ಬೇಕಾಗಿರುವುದೂ ಅದೇ.

ಎಲ್ಲಕ್ಕಿಂತ ಮೊದಲು ತಾರೀಕು ನೋಡಿ. ಕೊನೆಯ ದಿನಾಂಕ ಕಳೆದು 90 ದಿನದೊಳಗೆ ಮಿನಿಮಮ್ ಪೂರ್ತಿ ಕಟ್ಟದಿದ್ದರೆ ಆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ನಿಮಗೆ ಎರಡು ತಿಂಗಳು ಆಗಿದೆ ಎಂದರೆ ಕೈಯಲ್ಲಿರುವುದು ಹೆಚ್ಚೆಂದರೆ ಇನ್ನೊಂದು ತಿಂಗಳು. ಅಷ್ಟರೊಳಗೆ ನಿಮ್ಮ ಯಜಮಾನರು ಎರಡೂ ಬ್ಯಾಂಕಿಗೆ ಇಮೇಲ್ ಕಳಿಸಲಿ: ಕೆಲಸ ಹೋದದ್ದಕ್ಕೆ ಪತ್ರ ಲಗತ್ತಿಸಿ, ತಿಂಗಳಿಗೆ ಇಷ್ಟು ಕಟ್ಟಲು ಆಗುತ್ತದೆ ಎಂದು ಪ್ರಾಮಾಣಿಕವಾದ ಅಂಕಿ ಬರೆದು, ಪೂರ್ತಿ ಬಾಕಿಯನ್ನು ಕಡಿಮೆ ಬಡ್ಡಿಯ ಇಎಂಐಗೆ ಬದಲಿಸಿ, ಕಾರ್ಡ್ ಬಳಕೆ ನಿಲ್ಲಿಸಿ ಎಂದು ಕೇಳಲಿ. ಫೋನಿನಲ್ಲಿ ಮಾತಾಡಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡಿದ ಅಷ್ಟೂ ವರ್ಷ ನಾನು ಕಂಡದ್ದು ಇದು: ಎನ್‌ಪಿಎ ಆಗುವ ಮೊದಲು ತಾವಾಗಿ ಬಂದು ಮಾತಾಡಿದವರಿಗೆ ಸಿಗುವ ಷರತ್ತು ಬೇರೆ, ಫೋನ್ ಆಫ್ ಮಾಡಿ ಕೂತವರಿಗೆ ಸಿಗುವುದು ಬೇರೆ.

ಮನೆಯಲ್ಲಿ ಅಡವಿಡಲು ಸ್ವಲ್ಪ ಚಿನ್ನವಿದ್ದರೆ, ಎಲ್‌ಐಸಿ ಪಾಲಿಸಿ ಇದ್ದರೆ, ಬ್ಯಾಂಕಿನಲ್ಲಿ ಅದರ ಮೇಲೆ ಸಾಲ ತೆಗೆದು ಕಾರ್ಡ್ ಬಾಕಿ ತೀರಿಸುವುದು ಬುದ್ಧಿವಂತಿಕೆ. ತಿಂಗಳಿಗೆ ಶೇ 1ರಂತೆ ಲೆಕ್ಕ ಹಾಕಿದರೂ 1,80,000ಕ್ಕೆ ಬಡ್ಡಿ 1,800 ಆಗುತ್ತದೆ, 7,434 ಅಲ್ಲ. ಒಡವೆ ಅಡವಿಡುವುದು ಎಂದರೆ ಮನೆಯ ಹೆಣ್ಣುಮಕ್ಕಳಿಗೆ ಎಷ್ಟು ಸಂಕಟ ಎಂಬುದು ಗೊತ್ತಿದೆ. ಆದರೂ ಹೇಳುತ್ತೇನೆ, ಪೆಟ್ಟಿಗೆಯಲ್ಲಿ ಚಿನ್ನ ಇಟ್ಟುಕೊಂಡು ಕಾರ್ಡ್ ಬಡ್ಡಿ ಕಟ್ಟಬೇಡಿ. ಇದಕ್ಕಾಗಿ ಮೊಬೈಲಿನ ಲೋನ್ ಆ್ಯಪ್‌ನತ್ತ ಮಾತ್ರ ಸುತರಾಂ ಹೋಗಬೇಡಿ.

ಇನ್ನು ವಸೂಲಿಯವರು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಅವರು ಸಾಲಗಾರರಿಗೆ ಕರೆ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ನಾಲ್ಕು ಜನರ ಮುಂದೆ ಮಾನ ಕಳೆಯುವಂತಿಲ್ಲ, ಮನೆಯವರಿಗೆ, ಪರಿಚಯದವರಿಗೆ ಕಾಟ ಕೊಡುವಂತಿಲ್ಲ. 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಖಡಾಖಂಡಿತವಾಗಿ ಹೇಳಿದೆ, ಏಜೆಂಟ್ ಮಾಡಿದ ತಪ್ಪಿಗೆ ಬ್ಯಾಂಕೇ ಹೊಣೆ. ಕಾರ್ಡ್ ಇರುವುದು ನಿಮ್ಮ ಯಜಮಾನರ ಹೆಸರಿನಲ್ಲಿ. ನೀವು ಜಾಮೀನು ಹಾಕಿಲ್ಲವಾದರೆ ಆ ಸಾಲಕ್ಕೆ ನೀವು ಬಾಧ್ಯರಲ್ಲ, ನಿಮ್ಮ ಶಾಲೆಗಂತೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಕರೆ ಬಂದ ದಿನ, ಹೊತ್ತು, ನಂಬರು, ಆಡಿದ ಮಾತು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಬ್ಯಾಂಕಿನ ದೂರು ವಿಭಾಗಕ್ಕೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಯ ಬಳಿ ಹೋಗಬಹುದು. ಖರ್ಚಿಲ್ಲ, ವಕೀಲರು ಬೇಡ. ಹೇಗೆಂದು ತಿಳಿಯಲು 14448ಕ್ಕೆ ಫೋನ್ ಮಾಡಿ.

ಕಳೆದ ವರ್ಷ ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ ಕಾನೂನು ಬಂತಲ್ಲ, ಅದು ನಮಗೆ ಅನ್ವಯಿಸುವುದಿಲ್ಲವೇ ಎಂದು ಹಲವರು ಬರೆದಿದ್ದಾರೆ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಆ ಸುಗ್ರೀವಾಜ್ಞೆ ತಂದಿತು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕು, ಹಣಕಾಸು ಕಂಪನಿಗಳನ್ನು ಅದರಿಂದ ಹೊರಗಿಟ್ಟಿದೆ. ಕಾರ್ಡ್ ಬಾಕಿಗೆ ಅದು ನೆರವಾಗದು.

ಪೊಲೀಸ್ ಬೆದರಿಕೆಗೆ ಹೆದರಬೇಡಿ. ಸಾಲ ಕಟ್ಟಲಾಗದಿರುವುದು ಅಪರಾಧವಲ್ಲ, ಸಿವಿಲ್ ವ್ಯಾಜ್ಯ. ಕಟ್ಟುವ ಶಕ್ತಿಯೇ ಇಲ್ಲದವನನ್ನು ಸಾಲಕ್ಕಾಗಿ ಜೈಲಿಗೆ ಹಾಕುವಂತಿಲ್ಲ ಎಂದು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಇಂದಿಗೂ ದಾರಿದೀಪ. ಆದರೆ ಒಂದು ಎಚ್ಚರಿಕೆ: ಏಜೆಂಟರ ಒತ್ತಾಯಕ್ಕೆ ಮಣಿದು ಮುಂದಿನ ತಾರೀಕಿನ ಚೆಕ್ ಬರೆದು ಕೊಡಬೇಡಿ. ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಮೊಕದ್ದಮೆ. ಖಾತೆಯಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ ಸಹಿ ಹಾಕಿ, ಖಾತೆಯಲ್ಲಿ ಹಣವಿಲ್ಲದೆ ವಾಪಸಾದರೂ ಹಾಗೆಯೇ.

ಬ್ಯಾಂಕು ಕೋರ್ಟಿಗೆ ಹೋಗಿ ಗೆದ್ದಿತು ಎಂದೇ ಇಟ್ಟುಕೊಳ್ಳೋಣ. ಆಗಲೂ ಪೂರ್ತಿ ಸಂಬಳ ಜಪ್ತಿ ಆಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ನಾಳೆ ನಿಮ್ಮ ಯಜಮಾನರಿಗೆ 25,000 ಸಂಬಳದ ಕೆಲಸ ಸಿಕ್ಕಿದರೆ, ಹೆಚ್ಚೆಂದರೆ 8,000 ಜಪ್ತಿಯಾಗಬಹುದು.

ಇಎಂಐಗೆ ಬ್ಯಾಂಕು ಒಪ್ಪದಿದ್ದರೆ ಲೋಕ ಅದಾಲತ್ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಿಂದ ಬಂದ ಈ ವ್ಯವಸ್ಥೆಯನ್ನು ನಮ್ಮ ಜನ ಇನ್ನಷ್ಟು ಬಳಸಬೇಕು ಎಂಬುದು ನನ್ನ ಬಹುದಿನದ ಆಸೆ. ಕೇಸು ದಾಖಲಾಗುವ ಮೊದಲೇ, ಅಂದರೆ ವ್ಯಾಜ್ಯಪೂರ್ವ ಹಂತದಲ್ಲೇ, ಅರ್ಜಿ ಕೊಡಬಹುದು. ಶುಲ್ಕವಿಲ್ಲ. ಎದುರು ಕೂರುವುದು ಫೋನಿನ ಏಜೆಂಟ್ ಅಲ್ಲ, ಬ್ಯಾಂಕಿನ ಅಧಿಕಾರಿ, ಮಧ್ಯದಲ್ಲಿ ನ್ಯಾಯಾಧೀಶರು. ಇಷ್ಟು ಬಿಟ್ಟು ಇಷ್ಟು ಕಂತಿನಲ್ಲಿ ಎಂದು ಒಪ್ಪಂದವಾದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಆದ್ದರಿಂದ ಕಟ್ಟಲು ಆಗದ ಕಂತಿಗೆ ಅಲ್ಲಿ ತಲೆಯಾಡಿಸಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಕೋರ್ಟ್ ಆವರಣದಲ್ಲೇ ಕಾನೂನು ಸೇವೆಗಳ ಕಚೇರಿ ಇರುತ್ತದೆ, ಸಹಾಯವಾಣಿ 15100. ವಾಟ್ಸ್‌ಆ್ಯಪ್‌ನಲ್ಲಿ ‘ಲೋಕ ಅದಾಲತ್ ನೋಟಿಸ್’ ಏನಾದರೂ ಬಂದರೆ ಅದು ನಿಜವೋ ಸುಳ್ಳೋ ಎಂಬುದನ್ನೂ ಅಲ್ಲೇ ಕೇಳಿ. ಸುಳ್ಳಾದರೆ ಬಿಡಿ, ನಿಜವಾದ ನೋಟಿಸ್ ಆದರೆ ತಪ್ಪದೆ ಹಾಜರಾಗಿ.

ಎನ್‌ಪಿಎ ಆದಮೇಲೆ ಬ್ಯಾಂಕಿನವರೇ ಸೆಟ್ಲ್‌ಮೆಂಟ್, ಅಂದರೆ ಬಾಕಿಯಲ್ಲಿ ಒಂದು ಭಾಗ ಕಟ್ಟಿ ಲೆಕ್ಕ ಮುಗಿಸುವ ಮಾತು ಎತ್ತುತ್ತಾರೆ. ಮೊತ್ತ ಕಡಿಮೆ ಎಂದು ಕಣ್ಣುಮುಚ್ಚಿ ಒಪ್ಪಬೇಡಿ. ನಮ್ಮ ಸಾಲಗಳ ದಾಖಲೆ ಇಡುವ ಸಿಬಿಲ್‌ನಲ್ಲಿ ‘ಸಾಲ ತೀರಿದೆ’ ಎಂಬ ಬದಲು ‘ಸೆಟ್ಲ್ ಆಗಿದೆ’ ಎಂದು ಬೀಳುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ, ಮುಂದೆ ಮನೆ ಸಾಲ ಕೇಳಿದಾಗ ಅಡ್ಡ ಬರುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಮಾಡಿಕೊಳ್ಳಿ; ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಪತ್ರ ಬಂದ ಮೇಲಷ್ಟೇ, ಕಾರ್ಡ್ ಖಾತೆಗೆ ಮಾತ್ರ ಹಣ ಕಟ್ಟಿ. ಏಜೆಂಟರ ಫೋನ್‌ಪೇಗೆ ಒಂದು ರೂಪಾಯಿಯೂ ಹೋಗಬಾರದು. ಕೊನೆಗೆ ಬಾಕಿ ಇಲ್ಲ ಎಂಬ ಪ್ರಮಾಣಪತ್ರ ಕೈಗೆ ಬರಲಿ.

ಒಂದು ಕೊರಗು ಇಲ್ಲಿ ಹೇಳಲೇಬೇಕು. 2016ರ ದಿವಾಳಿ ಸಂಹಿತೆಯಲ್ಲಿ ಕಡು ಬಡವರ ಸಾಲ ತೊಡೆದುಹಾಕಿ ಹೊಸ ಬದುಕಿಗೆ ಅವಕಾಶ ಕೊಡುವ ಅಧ್ಯಾಯವೊಂದಿದೆ. ವಾರ್ಷಿಕ ಆದಾಯ 60,000, ಆಸ್ತಿ 20,000, ಸಾಲ 35,000 ಮೀರದವರಿಗೆ ಮಾತ್ರ. ಆ ಅಧ್ಯಾಯವನ್ನು ಜಾರಿಗೇ ತಂದಿಲ್ಲ. ದೊಡ್ಡ ಕಂಪನಿಗಳ ದಿವಾಳಿ ಪ್ರಕರಣಗಳು ಅದೇ ಸಂಹಿತೆಯಡಿ ವರ್ಷಗಳಿಂದ ನಡೆಯುತ್ತಿವೆ, ಸಂಬಳದವನಿಗೆ ಉಳಿದಿರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ನಿಮ್ಮ ಮೊತ್ತಕ್ಕೆ ಆ ದಾರಿ ಬೇಡ.

ನಿಮ್ಮ ಪತ್ರದ ಕೊನೆಯಲ್ಲಿ, ಯಜಮಾನರು ರಾತ್ರಿ ನಿದ್ದೆ ಮಾಡುವುದಿಲ್ಲ, ಮಾತು ಬಿಟ್ಟಿದ್ದಾರೆ ಎಂದಿದ್ದೀರಿ. ಸಾಲದ ವಿಷಯಕ್ಕಿಂತ ಅದು ಮುಖ್ಯ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇವತ್ತೇ ಅವರ ಪಕ್ಕ ಕೂತು ಫೋನ್ ಹಚ್ಚಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿ ‘ಸರ್ಕಾರದ ಕಾರ್ಡ್ ಸಾಲ ಪರಿಹಾರ’ ಎಂಬ ಜಾಹೀರಾತು ದಿನವೂ ಬರುತ್ತದೆ. ನಂಬಬಹುದೇ?

ಉತ್ತರ: ಬೇಡ. ಅಮೆರಿಕದಲ್ಲೂ ಕಾರ್ಡ್ ಸಾಲ ಮನ್ನಾ ಮಾಡುವ ಫೆಡರಲ್ ಯೋಜನೆ ಇಲ್ಲ. ಸಾಲ ಇಳಿಸಿಕೊಡುತ್ತೇವೆ ಎಂದು ಫೋನಿನಲ್ಲಿ ವ್ಯವಹಾರ ಕುದುರಿಸುವ ಕಂಪನಿಗಳು ಕೆಲಸ ಮುಗಿಯುವ ಮೊದಲು ಶುಲ್ಕ ಕೇಳುವುದನ್ನು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲೇ ನಿಷೇಧಿಸಿದೆ. ಲಾಭರಹಿತ ಸಾಲ ಸಲಹಾ ಸಂಸ್ಥೆಗಳ ಮೂಲಕ ಕಡಿಮೆ ಬಡ್ಡಿಯ ಕಂತಿನ ಯೋಜನೆ ಮಾಡಿಕೊಳ್ಳಿ. ಬ್ಯಾಂಕು ಸಾಲದ ಒಂದು ಭಾಗ ಬಿಟ್ಟುಕೊಟ್ಟರೆ ಆ ಮೊತ್ತ ನಿಮ್ಮ ಆದಾಯ ಎಂದು ತೆರಿಗೆಗೆ ಬರಬಹುದು, ಅದನ್ನು ಲೆಕ್ಕದಲ್ಲಿಡಿ.

ಪ್ರಶ್ನೆ: ಅಪಘಾತದಲ್ಲಿ ನನ್ನ ತಮ್ಮ ತೀರಿಕೊಂಡು ಎರಡು ತಿಂಗಳಾಯಿತು. ಮದುವೆ ಆಗಿರಲಿಲ್ಲ. ಅವನ ಕಾರ್ಡ್ ಬಾಕಿ 64 ಸಾವಿರವನ್ನು ಅಮ್ಮ ಕಟ್ಟಬೇಕು ಎಂದು ದಿನವೂ ಫೋನ್ ಬರುತ್ತಿದೆ. ಅಮ್ಮನಿಗೆ ಬರುವುದು ವಿಧವಾ ವೇತನ ಮಾತ್ರ.

ಉತ್ತರ: ಅಮ್ಮ ತಮ್ಮ ಕೈಯಿಂದ ಕಟ್ಟಬೇಕಾಗಿಲ್ಲ. ಸತ್ತವರ ಸಾಲ ಅವರು ಬಿಟ್ಟುಹೋದ ಆಸ್ತಿಯಿಂದ ತೀರಬೇಕು, ವಾರಸುದಾರರ ಬಾಧ್ಯತೆ ಅವರಿಗೆ ಬಂದ ಆಸ್ತಿಯಷ್ಟಕ್ಕೇ ಸೀಮಿತ. ತಮ್ಮನ ಖಾತೆಯಲ್ಲಿ ಹಣವಿದ್ದರೆ ಬ್ಯಾಂಕು ಅದನ್ನು ಕೇಳಬಹುದು; ಅಮ್ಮನ ವೇತನವನ್ನಲ್ಲ. ಮರಣ ಪ್ರಮಾಣಪತ್ರದ ಪ್ರತಿಯೊಂದಿಗೆ ಬ್ಯಾಂಕಿಗೆ ಪತ್ರ ಬರೆದು ಕಾರ್ಡ್ ಮುಚ್ಚಿಸಿ, ಅಮ್ಮನಿಗೆ ಕರೆ ಮಾಡುವುದನ್ನು ನಿಲ್ಲಿಸಿ ಎಂದು ಅದರಲ್ಲೇ ಕೇಳಿ. ಏಜೆಂಟರು ತರುವ ಯಾವ ಕಾಗದಕ್ಕೂ ಅಮ್ಮ ಸಹಿ ಹಾಕದಿರಲಿ, ಹೆಬ್ಬೆಟ್ಟು ಒತ್ತದಿರಲಿ. ಇನ್ನೊಂದು ವಿಷಯ: ಹಲವು ಕಾರ್ಡ್‌ಗಳ ಜೊತೆ ಅಪಘಾತ ವಿಮೆ ಇರುತ್ತದೆ, ಏಜೆಂಟರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ತಮ್ಮನ ಕಾರ್ಡಿಗೆ ವಿಮೆ ಇತ್ತೇ ಎಂದು ಈ ವಾರವೇ ಬರವಣಿಗೆಯಲ್ಲಿ ಕೇಳಿ. ಕ್ಲೇಮು ಸಲ್ಲಿಸಲು ಗಡುವು ಇರುತ್ತದೆ, ಎರಡು ತಿಂಗಳು ಆಗಲೇ ಕಳೆದಿದೆ.