ಅಮ್ಮನ ಮುಖದ ನೋವು ನನಗೂ ಬರುತ್ತದಾ?

ಪ್ರಶ್ನೆ: ನನಗೆ 36 ವರ್ಷ. ಮುಖ ತೊಳೆದರೂ, ಅನ್ನ ಅಗಿದರೂ ಅಮ್ಮನ ಬಲಗೆನ್ನೆಗೆ ಕರೆಂಟ್ ಹೊಡೆದ ಹಾಗೆ ನೋವು. ಹಲ್ಲಿನದ್ದೆಂದು ಎರಡು ದವಡೆಹಲ್ಲು ಕೀಳಿಸಿದ್ದಾಯಿತು. ಆಮೇಲೆ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂದರು. ವರ್ಷದಿಂದ ಕಾರ್ಬಮಜೆಪಿನ್ ಮಾತ್ರೆಯಲ್ಲಿ ಹಿಡಿತದಲ್ಲಿದೆ. ದೊಡ್ಡಮ್ಮನಿಗೂ ಇದೇ ಇತ್ತಂತೆ. ನಾನು ಜೀನ್ ಟೆಸ್ಟ್ ಮಾಡಿಸಲಾ, ಡಾಕ್ಟ್ರೇ?
— ಹೆಸರು ಬೇಡ, ಶಿರಸಿ

ಉತ್ತರ: ಬೇಡಮ್ಮ, ದುಡ್ಡು ಉಳಿಸಿ.

ಈ ನೋವು ಬಹುತೇಕರನ್ನು ಹಿಡಿಯುವುದು ಐವತ್ತು ದಾಟಿದ ಮೇಲೆ. ಮುಖದ ಸ್ಪರ್ಶ ಒಯ್ಯುವ ಐದನೇ ನರ ಮೆದುಳು ಸೇರುವಲ್ಲಿ ರಕ್ತನಾಳವೊಂದು ಅದಕ್ಕೆ ಒತ್ತಿಕೊಂಡು ಮಿಡಿಯುತ್ತ ನರದ ಹೊದಿಕೆ ಸವೆಸುತ್ತದೆ. ವಂಶದಲ್ಲಿ ಹರಿದು ಬರುವುದು ನೂರಕ್ಕೆ ಒಂದೆರಡು. ನಿಮ್ಮ ಮನೆ ಅದರಲ್ಲಿ ಸೇರಿರಲೂಬಹುದು. ಆದರೆ ‘ಇದೇ ಇತ್ತಂತೆ’ ಎಂಬುದನ್ನು ನಾನು ಅಷ್ಟು ನೆಚ್ಚುವುದಿಲ್ಲ. ಹಿಂದೆ ಮುಖದ ನೋವೆಲ್ಲ ಒಂದೇ ಲೆಕ್ಕ, ವಾಯು!

ಜೀನ್‌ಗಳ ಕೈವಾಡ ಇಲ್ಲವೆಂದಲ್ಲ. ನರದಲ್ಲಿ ಸಂದೇಶ ಹೊತ್ತಿಕೊಳ್ಳುವುದು ಸೋಡಿಯಂ ಒಳನುಗ್ಗುವ ಸಣ್ಣ ದ್ವಾರಗಳಿಂದ. 2016ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ ಈ ರೋಗದ ಒಬ್ಬರಲ್ಲಿ ಎಸ್‌ಸಿಎನ್8ಎ ಎಂಬ ಜೀನ್ ಬದಲಾಗಿ, ಆ ದ್ವಾರ ಅತಿಯಾಗಿ ಕೆಲಸ ಮಾಡುತ್ತಿದ್ದುದನ್ನು ತೋರಿಸಿತು. ಅಮ್ಮನ ಮಾತ್ರೆ ಅದುಮುವುದೂ ಇಂಥ ದ್ವಾರಗಳನ್ನೇ. ಆದರೂ ನಿಮಗೆ ಬರುತ್ತದೆ, ಬರುವುದಿಲ್ಲ ಎಂದು ಹೇಳುವ ಪರೀಕ್ಷೆ ಯಾವ ಲ್ಯಾಬಿನಲ್ಲೂ ಇಲ್ಲ.

ಉಪಯೋಗಕ್ಕೆ ಬರುವ ಜೀನ್ ಪರೀಕ್ಷೆ ಬೇರೊಂದಿದೆ: ಎಚ್‌ಎಲ್‌ಎ-ಬಿ*15:02. ಅದು ನೋವಿಗೆ ಸಂಬಂಧಿಸಿದ್ದಲ್ಲ, ಮಾತ್ರೆಗೆ. ಈ ಹೆಸರಿನ ಜೀನ್ ರೂಪ ಇದ್ದವರಿಗೆ ಕಾರ್ಬಮಜೆಪಿನ್ ಕೊಟ್ಟರೆ ಬಾಯಿ, ಚರ್ಮ ಸುಲಿದು ಜೀವಕ್ಕೇ ಕುತ್ತು ತರುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಬರುವ ಸಂಭವ ಹೆಚ್ಚು. ಏಷ್ಯಾ ಮೂಲದವರಿಗೆ ಮಾತ್ರೆ ಶುರುಮಾಡುವ ಮೊದಲೇ ಪರೀಕ್ಷಿಸಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲೇ ಹೇಳಿದೆ. ನಮ್ಮಲ್ಲಿ ಎಷ್ಟೋ ಕಡೆ ಚೀಟಿ ಬರೆದು ಕಳಿಸುತ್ತಾರೆ ಅಷ್ಟೇ, ನನಗದು ಸರಿಬರುವುದಿಲ್ಲ.

ನಿಮ್ಮಮ್ಮನಿಗೆ ಈಗ ಅದು ಬೇಡ. ಆ ಅಪಾಯ ಮುಖ್ಯವಾಗಿ ಮೊದಲ ಕೆಲವು ತಿಂಗಳಿನದು. ಆಗಾಗ ರಕ್ತದ ಸೋಡಿಯಂ ನೋಡಿಸಿ. ಈ ಮಾತ್ರೆಯಿಂದ ಅದು ಇಳಿದು ಮಂಕು, ತೂಕಡಿಕೆ ಬರುವುದುಂಟು. ಅಮ್ಮನಿಗೆ ಒಗ್ಗಿತೆಂದು ಅವರ ಡಬ್ಬಿಯ ಮಾತ್ರೆ ಮಾತ್ರ ನೀವು ನುಂಗಬೇಡಿ. ನಿಮ್ಮ ಅರ್ಧ ಜೀನ್‌ಗಳು ಅಪ್ಪನವು.

ನಿಮಗೇ ಈ ವಯಸ್ಸಿನಲ್ಲಿ ಅಂಥ ನೋವು ಬಂದರೆ ನರರೋಗ ತಜ್ಞರ ಹತ್ತಿರ ಹೋಗಿ, ಎಂಆರ್‌ಐ ಮಾಡಿಸಿ. ಮೆದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನೇ ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ರೋಗ ಇಲ್ಲವೆಂದು ಖಚಿತವಾಗಬೇಕು. ಅಲ್ಲಿಯವರೆಗೆ ಹಲ್ಲಿಗೆ ಯಾರೂ ಕೈ ಹಾಕುವುದು ಬೇಡ.