ಅಯೋ ಕುದಿಯುವುದು ಗುರುವಿನ ಕಾವಿಗಲ್ಲ

ಪ್ರಿಯ ಬರಹಗಾರರೇ,

ಹೊರಗ್ರಹಗಳ ಚಂದ್ರರ ಕುರಿತ ನಿಮ್ಮ ಲೇಖನ ತಲುಪಿದೆ. ಭಾಷೆ ಸಲೀಸಾಗಿದೆ, ವಾಕ್ಯಗಳು ಚಿಕ್ಕವಾಗಿವೆ, ಹೆಸರುಗಳ ಕಾಗುಣಿತದಲ್ಲಿ ತಪ್ಪಿಲ್ಲ. ಆದರೆ ಗುರುಗ್ರಹದ ಚಂದ್ರ ಅಯೋ ಕುರಿತ ನಾಲ್ಕನೇ ಪ್ಯಾರಾ ನನ್ನನ್ನು ಮುಂದೆ ಹೋಗಲು ಬಿಡಲಿಲ್ಲ. ಈ ಪತ್ರ ಇಷ್ಟುದ್ದ ಆಗಿರುವುದು ಅದರಿಂದಾಗಿಯೇ. ಟ್ರೈಟನ್, ಶನಿಯ ಉಂಗುರ, ಪ್ಲೂಟೊ ಇವುಗಳ ಬಗ್ಗೆ ನೀವು ಬರೆದದ್ದನ್ನು ಇಲ್ಲಿ ಮುಟ್ಟುವುದಿಲ್ಲ.

ಆ ಪ್ಯಾರಾ ನಿಮ್ಮ ಮಾತಿನಲ್ಲೇ ಹೀಗಿದೆ: "ಒಲೆಯ ಪಕ್ಕ ಕೂತವರಿಗೆ ಕಾವು ತಟ್ಟುವಂತೆ, ದೈತ್ಯ ಗುರುವಿನ ಮಗ್ಗುಲಲ್ಲಿರುವ ಅಯೋ ಸದಾ ಕುದಿಯುತ್ತಿರುತ್ತದೆ. ಗುರುವಿನ ಪ್ರಚಂಡ ಗುರುತ್ವ ಅದನ್ನು ಹಿಂಡುತ್ತದೆ, ಆದ್ದರಿಂದ ಒಳಗೆ ಶಾಖ ಹುಟ್ಟುತ್ತದೆ. ನೆರೆಯ ಚಂದ್ರರಾದ ಯೂರೋಪಾ, ಗ್ಯಾನಿಮೀಡ್ ಕೂಡ ಎಳೆಯುವುದರಿಂದ ಶಾಖ ಮತ್ತಷ್ಟು ಏರುತ್ತದೆ. 1979ರಲ್ಲಿ ವಾಯೇಜರ್ ನೌಕೆ ಅಲ್ಲಿ ಜ್ವಾಲಾಮುಖಿಗಳನ್ನು ಕಾಣುವವರೆಗೆ ಇದನ್ನು ಯಾರೂ ಊಹಿಸಿರಲಿಲ್ಲ."

ಮೊದಲು ಒಲೆಯ ವಾಕ್ಯ. ಅಂತರಿಕ್ಷದಿಂದ ಅಳೆದರೆ ಗುರುವಿನ ಉಷ್ಣತೆ ಮೈನಸ್ 149 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಅದರ ಪ್ರತಿ ಚದರ ಮೀಟರ್ ಹೊರಚೆಲ್ಲುವ ಶಾಖ ಸುಮಾರು 14 ವ್ಯಾಟ್. ಅಯೋ ಇರುವುದು ಗುರುವಿನ ಕೇಂದ್ರದಿಂದ 4,21,700 ಕಿ.ಮೀ. ದೂರದಲ್ಲಿ, ಅಂದರೆ ಗುರುವಿನ ತ್ರಿಜ್ಯದ ಸುಮಾರು ಆರು ಪಟ್ಟು. ದೂರದ ವರ್ಗದಿಂದ ಭಾಗಿಸಿ ನೋಡಿ: ಅಯೋ ತಲುಪುವ ಹೊತ್ತಿಗೆ ಆ 14 ವ್ಯಾಟ್ 0.4ಕ್ಕೆ ಇಳಿದಿರುತ್ತದೆ, ಅದೂ ನೇರವಾಗಿ ಮುಖ ಕೊಟ್ಟ ಜಾಗದಲ್ಲಿ ಮಾತ್ರ. ಅಷ್ಟು ದೂರದ ಸೂರ್ಯನೇ ಅಲ್ಲಿಗೆ 50 ವ್ಯಾಟ್ ಕಳಿಸುತ್ತಾನೆ. ಇತ್ತ ಅಯೋ ತನ್ನ ಒಡಲಿನಿಂದ ಹೊರಹಾಕುವ ಶಾಖ ಚದರ ಮೀಟರಿಗೆ ಸರಾಸರಿ 2 ವ್ಯಾಟ್‌ಗೂ ಹೆಚ್ಚು. ನಮ್ಮ ಭೂಮಿಯ ಒಡಲಿಂದ ಬರುವುದು 0.1 ವ್ಯಾಟ್ ಕೂಡ ಇಲ್ಲ. ಗುರುವಿನಿಂದ ಸಿಕ್ಕಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚನ್ನು ಅಯೋ ಹೊರಗೆ ಕೊಡುತ್ತಿದೆ ಎಂದ ಮೇಲೆ ಒಲೆಯ ಹೋಲಿಕೆಗೆ ಜಾಗವೇ ಇಲ್ಲ. ಅದು ಓದಲು ಹಿತವಾಗಿದೆ ನಿಜ, ಅದಕ್ಕೇ ಹೆಚ್ಚು ಅಪಾಯಕಾರಿ. ಹತ್ತು ವರ್ಷದ ನಂತರ ಓದುಗನಿಗೆ ನಿಮ್ಮ ಲೇಖನದಲ್ಲಿ ನೆನಪು ಉಳಿಯುವುದು ಆ ಒಂದು ವಾಕ್ಯವೇ, ಮತ್ತು ಅದು ಸುಳ್ಳು.

ಎರಡನೇ ವಾಕ್ಯ ಅರ್ಧ ಸರಿ. ಉಳಿದ ಅರ್ಧವನ್ನು ನಿಮ್ಮ "ಆದ್ದರಿಂದ" ನುಂಗಿಹಾಕಿದೆ. ಬರೀ ಹಿಂಡಿದರೆ ಶಾಖ ಹುಟ್ಟುತ್ತಲೇ ಇರುವುದಿಲ್ಲ. ನಮ್ಮ ಚಂದ್ರ ಭೂಮಿಗೆ ಒಂದೇ ಮುಖ ತೋರುವಂತೆ ಅಯೋ ಕೂಡ ಗುರುವಿಗೆ ಒಂದೇ ಮುಖ ತೋರುತ್ತದೆ. ಅದರ ಕಕ್ಷೆ ಪೂರ್ತಿ ವೃತ್ತವಾಗಿದ್ದರೆ ಗುರುವಿನ ಸೆಳೆತಕ್ಕೆ ಅಯೋ ಒಮ್ಮೆ ಉಬ್ಬಿ, ಆ ಉಬ್ಬು ಅಲ್ಲೇ ನಿಂತುಬಿಡುತ್ತಿತ್ತು. ಕಲ್ಲು ಕದಲದಿದ್ದರೆ ಘರ್ಷಣೆ ಇಲ್ಲ, ಘರ್ಷಣೆ ಇಲ್ಲದಿದ್ದರೆ ಬಿಸಿ ಇಲ್ಲ. ಬಿಸಿ ಹುಟ್ಟಬೇಕಾದರೆ ಹಿಡಿತ ಬಿಗಿಯುತ್ತ ಸಡಿಲಾಗುತ್ತ ಇರಬೇಕು. ಅಯೋದ ಕಕ್ಷೆ ತುಸು ಅಂಡಾಕಾರ. ಅದರ ಉತ್ಕೇಂದ್ರತೆ, ಅಂದರೆ ಕಕ್ಷೆ ವೃತ್ತದಿಂದ ಎಷ್ಟು ಸರಿದಿದೆ ಎಂಬ ಅಳತೆ, 0.0041 (ಪೂರ್ತಿ ವೃತ್ತಕ್ಕೆ ಸೊನ್ನೆ). ಒಂದು ಸುತ್ತಿನಲ್ಲಿ ಗುರುವಿನಿಂದ ಅದರ ದೂರ ಸುಮಾರು 3,500 ಕಿ.ಮೀ.ಯಷ್ಟು ಹೆಚ್ಚುಕಡಿಮೆ ಆಗುತ್ತದೆ, ಅಂದರೆ ಶೇಕಡ ಒಂದಕ್ಕೂ ಕಡಿಮೆ. ಅಷ್ಟಕ್ಕೇ ಅದರ ಗಟ್ಟಿ ನೆಲ 100 ಮೀಟರ್‌ವರೆಗೆ ಏರಿ ಇಳಿಯಬಲ್ಲದು, 42 ಗಂಟೆಗೊಮ್ಮೆ, ಬಿಡುವಿಲ್ಲದೆ. ನಿಮ್ಮ ಪ್ಯಾರಾದ ಜೀವ ಇರಬೇಕಾದದ್ದು ಇಲ್ಲಿ. ನೀವು ಈ ಜಾಗವನ್ನು ಒಂದೇ ಪದದಲ್ಲಿ ದಾಟಿದ್ದೀರಿ.

ಇಂಥ ದಾಟುವಿಕೆ ಬರೆಯುವವರ ಕಣ್ಣಿಗೆ ಬೀಳುವುದಿಲ್ಲ. ನಾನು ಕೆಲಸ ಕಲಿತ ಸಂಪಾದಕೀಯ ಮೇಜಿನಲ್ಲಿ ಅದಕ್ಕೊಂದು ಪದ್ಧತಿ ಇತ್ತು. ಹಿರಿಯರು ಹಸ್ತಪ್ರತಿಯಲ್ಲಿ ಬಂದ ಪ್ರತಿ "ಆದ್ದರಿಂದ", "ಹಾಗಾಗಿ", "ಇದರಿಂದ"ಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿಸುತ್ತಿದ್ದರು. ಅಂಚಿನಲ್ಲಿ ಎರಡು ಬರೆಯಬೇಕು: ಈ ಕಾರಣದಿಂದ ಆ ಪರಿಣಾಮಕ್ಕೆ ಹೋಗಲು ನಡುವೆ ಏನು ನಡೆಯುತ್ತದೆ, ಇದೇ ಕಾರಣ ಇದ್ದೂ ಆ ಪರಿಣಾಮ ಕಾಣದ ಇನ್ನೊಂದು ಜಾಗ ಇದೆಯೇ. ಅಂಚು ಖಾಲಿ ಉಳಿದ ವಾಕ್ಯ ಅಚ್ಚಿಗೆ ಹೋಗುತ್ತಿರಲಿಲ್ಲ.

ಆ ಎರಡನೇ ಪ್ರಶ್ನೆಗೆ ನಿಮ್ಮ ತಲೆಯ ಮೇಲೇ ಉತ್ತರ ಇದೆ. ನಮ್ಮ ಚಂದ್ರ ಭೂಮಿಯಿಂದ 3,84,400 ಕಿ.ಮೀ. ದೂರದಲ್ಲಿದೆ, ವ್ಯಾಸ 3,475 ಕಿ.ಮೀ. ಅಯೋದ ವ್ಯಾಸ 3,643. ಗಾತ್ರ ಹೆಚ್ಚುಕಡಿಮೆ ಒಂದೇ, ದೂರವೂ ಹೆಚ್ಚುಕಡಿಮೆ ಅಷ್ಟೇ. ಉತ್ಕೇಂದ್ರತೆಯಂತೂ ಚಂದ್ರನದೇ ಹೆಚ್ಚು, 0.055. ಹಾಗಾದರೆ ಚಂದ್ರ ಏಕೆ ಕುದಿಯುವುದಿಲ್ಲ? ಲೆಕ್ಕ ಹೀಗೆ ಮಾಡಿ. ಗುರುವಿನ ದ್ರವ್ಯರಾಶಿ ಭೂಮಿಯದರ 318 ಪಟ್ಟು. ಹೀಗೆ ಉಬ್ಬಿಸುವ ಸೆಳೆತ, ಅಂದರೆ ಉಬ್ಬರದ ಬಲ, ದೂರದ ಘನಕ್ಕೆ ತಕ್ಕಂತೆ ಕುಗ್ಗುವುದರಿಂದ ಅಯೋ ಮೇಲಿನ ಬಲ ಚಂದ್ರನ ಮೇಲಿನದಕ್ಕಿಂತ ಸುಮಾರು 240 ಪಟ್ಟು. ಉತ್ಕೇಂದ್ರತೆಯಲ್ಲಿ ಅಯೋ 13 ಪಟ್ಟು ಹಿಂದಿದೆ, ಹಾಗಾಗಿ ಏರಿಳಿತದ ಬಲ 18 ಪಟ್ಟಿಗೆ ಬಂತು. ಶಾಖ ಈ ಏರಿಳಿತದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ: 320ರ ಸುಮಾರು. ಚಂದ್ರನ ಸುತ್ತು 27.3 ದಿನ, ಅಯೋದ್ದು 1.77 ದಿನ, ಅಲ್ಲಿ ಇನ್ನೊಂದು 15 ಪಟ್ಟು. ಒಳಗಿನ ಕಲ್ಲು ಒಂದೇ ಬಗೆಯದೆಂದು ಇಟ್ಟುಕೊಂಡರೂ ಅಯೋದಲ್ಲಿ ಹುಟ್ಟುವ ಶಾಖ 5,000 ಪಟ್ಟು. ಹೈಸ್ಕೂಲು ಗಣಿತ ಸಾಕು. ಈ ಲೆಕ್ಕವನ್ನೇ ಲೇಖನದಲ್ಲಿ ಹಾಕಿ, ಓದುಗರು ಓದುತ್ತಾರೆ. ದಿನಾ ರಾತ್ರಿ ನೋಡುವ ಚಂದ್ರ ಅದರೊಳಗಿದ್ದಾನೆ.

ಮೂರನೇ ವಾಕ್ಯ, ಯೂರೋಪಾ ಮತ್ತು ಗ್ಯಾನಿಮೀಡ್. ಇವು ಅಯೋವನ್ನು ಎಳೆದು ಬಿಸಿ ಮಾಡುವುದಿಲ್ಲ. ಯೂರೋಪಾ ತೀರ ಹತ್ತಿರ ಬಂದಾಗಲೂ ಅಯೋ ಮೇಲೆ ಅದರ ಉಬ್ಬರದ ಬಲ ಗುರುವಿನದರ ಹತ್ತು ಸಾವಿರದಲ್ಲಿ ಒಂದು ಪಾಲು. ಅವುಗಳ ಕೆಲಸ ಬೇರೆಯೇ. ಘರ್ಷಣೆಯಲ್ಲಿ ಶಕ್ತಿ ಸೋರಿದಂತೆ ಅಯೋದ ಅಂಡಾಕಾರದ ಕಕ್ಷೆ ದುಂಡಗಾಗುತ್ತ ಹೋಗಬೇಕು. ಹಾಗಾಗಿದ್ದರೆ ಜ್ವಾಲಾಮುಖಿಗಳು ಎಂದೋ ಆರಿಹೋಗುತ್ತಿದ್ದವು. ಆಗದಂತೆ ತಡೆಯುತ್ತಿರುವುದು ಈ ಇಬ್ಬರು. ಅಯೋ 1.77 ದಿನ, ಯೂರೋಪಾ 3.55 ದಿನ, ಗ್ಯಾನಿಮೀಡ್ 7.15 ದಿನ: ಗ್ಯಾನಿಮೀಡ್ ಒಂದು ಸುತ್ತು ಮುಗಿಸುವಾಗ ಯೂರೋಪಾ ಎರಡು, ಅಯೋ ನಾಲ್ಕು ಮುಗಿಸಿರುತ್ತವೆ. ಪ್ರತಿ ಸಲ ಅಯೋ ಮತ್ತು ಯೂರೋಪಾ ಸಂಧಿಸುವುದು ಅಯೋದ ಕಕ್ಷೆಯ ಅದೇ ಬಿಂದುವಿನಲ್ಲಿ. ಸಣ್ಣ ಎಳೆತ, ಆದರೆ ಯಾವಾಗಲೂ ಒಂದೇ ಜಾಗದಲ್ಲಿ, ಹಾಗಾಗಿ ಕೂಡುತ್ತ ಹೋಗುತ್ತದೆ, ಅಂಡಾಕಾರ ಉಳಿಯುತ್ತದೆ. ಶಕ್ತಿ ಬರುವ ಮೂಲವೂ ಹೇಳಬೇಕು, ನಿಮ್ಮಲ್ಲಿ ಅದು ಇಲ್ಲವೇ ಇಲ್ಲ. ಅದು ಗುರುವಿನ ಸ್ವಂತ ತಿರುಗಾಟ. ಹತ್ತು ಗಂಟೆಗೂ ಕಡಿಮೆ ಹೊತ್ತಿನಲ್ಲಿ ತನ್ನ ಸುತ್ತ ತಿರುಗುವ ಆ ಗ್ರಹದ ವೇಗ ತೀರ ನಿಧಾನವಾಗಿ ಕರಗಿ ಅಯೋದ ಲಾವಾ ಆಗುತ್ತಿದೆ.

ನಾಲ್ಕನೇ ವಾಕ್ಯ ನನಗೆ ನಿಜಕ್ಕೂ ಬೇಸರ ತರಿಸಿತು. "ಯಾರೂ ಊಹಿಸಿರಲಿಲ್ಲ" ಎನ್ನುವುದು ಮೂವರ ದುಡಿಮೆಯನ್ನು ಅಳಿಸಿಹಾಕುತ್ತದೆ. ಸ್ಟ್ಯಾಂಟನ್ ಪೀಲ್, ಪ್ಯಾಟ್ರಿಕ್ ಕ್ಯಾಸನ್, ರೇ ರೆನಾಲ್ಡ್ಸ್ ಇದೇ ಉಬ್ಬರದ ಲೆಕ್ಕ ಹಾಕಿ, ಅಯೋದ ಒಡಲು ಕರಗಿರಬೇಕು, ಮೇಲ್ಮೈಯಲ್ಲಿ ಜ್ವಾಲಾಮುಖಿಗಳು ಇರಬಹುದು ಎಂದು ಬರೆದ ಪ್ರಬಂಧ 'ಸೈನ್ಸ್' ಪತ್ರಿಕೆಯಲ್ಲಿ ಅಚ್ಚಾದದ್ದು 1979ರ ಮಾರ್ಚ್ 2ರಂದು. ವಾಯೇಜರ್ 1 ಗುರುವಿನ ಬಳಿ ಹಾದದ್ದು ಮಾರ್ಚ್ 5ರಂದು. ಮಾರ್ಚ್ 8ರಂದು ನೌಕೆ ಹಿಂದಿರುಗಿ ನೋಡಿ ತೆಗೆದ ಚಿತ್ರದಲ್ಲಿ, ದಾರಿಯ ಲೆಕ್ಕಕ್ಕಾಗಿ ಮಂಕು ನಕ್ಷತ್ರಗಳನ್ನು ಹುಡುಕುತ್ತಿದ್ದ ಎಂಜಿನಿಯರ್ ಲಿಂಡಾ ಮೊರಬಿಟೊ ಅಯೋದ ಅಂಚಿನಾಚೆ ಎದ್ದ ಚಿಲುಮೆಯನ್ನು ಕಂಡರು. ಕಾಗದದ ಮೇಲಿನ ಲೆಕ್ಕ ವಾರದೊಳಗೆ ಕಣ್ಣಿಗೆ ಕಂಡ ಘಟನೆ ಇದು. ಬೆರಗು ಬೇಕಿದ್ದರೆ ಬೆರಗು ಇಲ್ಲೇ ಇದೆ. ಅದನ್ನು ತೆಗೆದು, ವಿಜ್ಞಾನಿಗಳೆಲ್ಲ ಬಾಯಿಬಿಟ್ಟು ನಿಂತರು ಎಂಬ ಸವಕಲು ಮಾತನ್ನು ಏಕೆ ಇಟ್ಟಿರಿ?

ಇದೇ ರೋಗ ಶನಿಯ ಚಂದ್ರ ಟೈಟಾನ್‌ನ ಪ್ಯಾರಾಕ್ಕೂ ಹಬ್ಬಿದೆ. "ಆಗುಂಬೆಯ ಮಳೆಯಂತೆ ಟೈಟಾನ್‌ನಲ್ಲಿ ಮೀಥೇನ್ ಧೋ ಎಂದು ಸುರಿಯುತ್ತದೆ" ಎಂದಿದ್ದೀರಿ. ಆಗುಂಬೆ ಬೇಡ, ಧೋ ಕೂಡ ಬೇಡ. ಟೈಟಾನ್‌ನ ಗುರುತ್ವ ನಮ್ಮದರ ಏಳನೇ ಒಂದು ಪಾಲು, ನೆಲದ ಹತ್ತಿರ ಗಾಳಿ ನಮ್ಮದಕ್ಕಿಂತ ನಾಲ್ಕು ಪಟ್ಟು ದಟ್ಟ. ಎಳೆಯುವುದು ಕಡಿಮೆ, ತಡೆಯುವುದು ಜಾಸ್ತಿ. ಹನಿ ಸುಮಾರು ಒಂದು ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು, ಬೀಳುವ ವೇಗ ಮಾತ್ರ ಸೆಕೆಂಡಿಗೆ 1.6 ಮೀಟರ್. ನಮ್ಮಲ್ಲಿ ದಪ್ಪ ಹನಿ 9 ಮೀಟರ್ ವೇಗದಲ್ಲಿ ಬಡಿಯುತ್ತದೆ. ಒಂದು ಕಿಲೋಮೀಟರ್ ಎತ್ತರದಿಂದ ಹೊರಟ ಹನಿ ಇಲ್ಲಿ ಎರಡು ನಿಮಿಷದೊಳಗೆ ನೆಲ ಮುಟ್ಟಿದರೆ ಅಲ್ಲಿ ಹತ್ತು ನಿಮಿಷ ಬೇಕು. ಮೈನಸ್ 179 ಡಿಗ್ರಿಯಲ್ಲಿ, ಕಿತ್ತಳೆ ಮಬ್ಬಿನಲ್ಲಿ, ಗೋಲಿಯಷ್ಟು ದಪ್ಪ ಹನಿಗಳು ನಿಧಾನ ಇಳಿಯುವ ಮಳೆ! ಅಂಥದ್ದು ಕೈಗೆ ಸಿಕ್ಕಿದ್ದಾಗ ಮಲೆನಾಡಿನ ಮಳೆಯನ್ನು ಅಲ್ಲಿಗೆ ಸಾಗಿಸುವುದು ಎರಡೂ ಮಳೆಗಳಿಗೆ ಮಾಡುವ ಅನ್ಯಾಯ.

"ಶನಿಗೆ 82 ಚಂದ್ರರು" ಎಂಬುದು 2019ರ ಎಣಿಕೆ. 2025ರ ಮಾರ್ಚ್‌ನಲ್ಲಿ ಅದು 274 ಆಯಿತು. ಇಂಥ ಸಂಖ್ಯೆಯ ಪಕ್ಕ ತಿಂಗಳು, ವರ್ಷ ಬರೆಯಿರಿ.

ತಿದ್ದುವಾಗ ಹೀಗೆ ಮಾಡಿ. ಎಂಟು ಚಂದ್ರರ ಬದಲು ನಾಲ್ವರನ್ನು ಇಟ್ಟುಕೊಳ್ಳಿ: ನಮ್ಮ ಚಂದ್ರ, ಅಯೋ, ಶನಿಯ ಚಂದ್ರರಾದ ಎನ್ಸೆಲಾಡಸ್, ಮೈಮಾಸ್. ಮೈಮಾಸ್ ನಿಮ್ಮ ಲೇಖನದಲ್ಲಿ ಇಲ್ಲ, ಅದು ಬರಲೇಬೇಕು. ಎನ್ಸೆಲಾಡಸ್‌ಗಿಂತ ಅದು ಶನಿಗೆ ಹತ್ತಿರ. ಉತ್ಕೇಂದ್ರತೆಯೂ ಹೆಚ್ಚು, ಎನ್ಸೆಲಾಡಸ್‌ನದು 0.0047 ಆದರೆ ಇದರದ್ದು 0.0196. ಆದರೂ 504 ಕಿ.ಮೀ. ವ್ಯಾಸದ ಎನ್ಸೆಲಾಡಸ್‌ನ ದಕ್ಷಿಣ ಧ್ರುವದಿಂದ ನೀರಾವಿ ಚಿಮ್ಮುತ್ತಿರುವುದನ್ನು ಕ್ಯಾಸಿನಿ ನೌಕೆ 2005ರಲ್ಲಿ ಕಂಡಿತು. ಮೈಮಾಸ್ ಮೈತುಂಬ ಹಳೆಯ ಕುಳಿಗಳು, ಚಿಲುಮೆ ಒಂದೂ ಇಲ್ಲ. ಗಡುಸಾದ ತಣ್ಣನೆ ಹಿಮ ಬಾಗುವುದು ಕಡಿಮೆ, ಬಾಗದೆ ಬಿಸಿಯಾಗದು. ಒಮ್ಮೆ ಬೆಚ್ಚಗಾಗಿ ಮೆತ್ತಗಾದದ್ದು ಹೆಚ್ಚು ಬಾಗಿ ಇನ್ನಷ್ಟು ಬಿಸಿಯಾಗುತ್ತದೆ. ಮೈಮಾಸ್‌ನ ಕಕ್ಷೆ ಹೊರಳುವ ರೀತಿ ನೋಡಿ, ಹಿಮದಡಿ ಇತ್ತೀಚೆಗೆ ಹುಟ್ಟಿದ ಸಾಗರ ಇರಬಹುದು ಎಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ಅದನ್ನೂ ಸೇರಿಸಿ, "ಇರಬಹುದು" ಎಂಬುದನ್ನು ಬಿಡದೆ.

ಬರೆಯುವ ಮೊದಲು ನಾಲ್ವರಿಗೂ ಒಂದು ಕೋಷ್ಟಕ ಹಾಕಿಕೊಳ್ಳಿ: ಗ್ರಹದ ದ್ರವ್ಯರಾಶಿ, ದೂರ, ವ್ಯಾಸ, ಸುತ್ತಿನ ಅವಧಿ, ಉತ್ಕೇಂದ್ರತೆ, ಜೊತೆಯಲ್ಲಿ ತಾಳ ಹಾಕುವ ಚಂದ್ರ ಯಾವುದು (ಎನ್ಸೆಲಾಡಸ್‌ಗೆ ಡಯೋನಿ, ಎರಡಕ್ಕೆ ಒಂದರ ಲೆಕ್ಕದಲ್ಲಿ). ಅಂಕಿಗಳನ್ನು ನಾಸಾದ ಜೆಪಿಎಲ್ ಪ್ರಯೋಗಾಲಯದ ಕೋಷ್ಟಕಗಳಿಂದಲೇ ತೆಗೆದುಕೊಳ್ಳಿ, ಬೇರೆಯವರ ಲೇಖನದಿಂದ ಬೇಡ. ತಿದ್ದಿದ ಪ್ರತಿಯ ಜೊತೆ ಆ ಕೋಷ್ಟಕವನ್ನೂ, ನೀವು ಮಾಡಿದ ಭಾಗಾಕಾರ ಗುಣಾಕಾರದ ಹಾಳೆಯನ್ನೂ ಕಳಿಸಿ. ನಾನು ಮೊದಲು ಓದುವುದು ಆ ಹಾಳೆಯನ್ನು.